ಹಿಡಿ ಜೋಳ

ಕರೆಂಟ್ ಹೋಗುತ್ತಲೇ ಭಜನೆಯ ನಡುವೆ ಕೋಣೆಯಿಂದ ಕೀಂ ಕೀಂ ಎಂಬ ಕೂಗು ಎದ್ದಿತು. ತಾಳ ಬಾರಿಸುತ್ತಿದ್ದವರ ಕೈ ನಿಂತಿತು. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದ ಶಂಕ್ರೆಪ್ಪನ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಸಂಪಗಾಂವದಲ್ಲಿ ಮೂವತ್ತೆರಡು ವರ್ಷ ಹಿಟ್ಟಿನ ಗಿರಣಿ ನಡೆಸಿದವನು, ಬೆಳಗಿನ ಚಹಾ ಕುಡಿದು ಎದೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲ.

"ಅದೇನದು ಒದರಾಕ ಹತ್ತೈತಿ?" ಮಣ್ಣಿನ ವಿಧಿಗಳನ್ನು ಮಾಡಿಸಲು ಬಂದಿದ್ದ ಬಸಯ್ಯ ಕೇಳಿದರು.

"ಅಪ್ಪನ ಕಂಪ್ಯೂಟರಿನ ಬ್ಯಾಟರಿರಿ ಅಯ್ಯಾರ. ಇನ್ನ ಇಪ್ಪತ್ತ ನಿಮಿಷ ತಡದೀತು." ಮಗಳು ಪ್ರಜ್ಞಾ ಕಣ್ಣೊರೆಸಿಕೊಂಡು ಎದ್ದಳು. ಅವಳು ಕಿತ್ತೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು.

"ಬಂದ್ ಮಾಡವಾ. ಒಲಿ ಹೊತ್ತಿಲ್ಲ, ಗಿರಣಿ ನಿಂತೈತಿ. ಇದೊಂದ್ಯಾಕ ನಡೀಬೇಕು?"

"ಹನ್ನೆರಡ ದಿನದಿಂದ ಒಂದ ಸಂಖ್ಯಾ ಒಡಿಯಾಕ ಹಚ್ಚಿದ್ದರಿ ಅಪ್ಪ. ಇವತ್ತ ಸಂಜಿಗೆ ಮುಗೀತೈತಿ. ಈಗ ಬಂದ್ ಮಾಡಿದ್ರ ಎಲ್ಲಾ ಮೊದಲಿಂದ."

"ಸತ್ತಾವಗ ಸಂಖ್ಯಾ ತಗೊಂಡು ಏನಾಗಬೇಕಾಗೇತಿ?" ಶಂಕ್ರೆಪ್ಪನ ಅಕ್ಕ ಶೆಟ್ಟೆವ್ವ ಗದರಿದಳು.

ಬಾಗಿಲಲ್ಲಿ ನಿಂತಿದ್ದ ನಿಜಾಮಸಾಬ ಒಂದು ಹೆಜ್ಜೆ ಮುಂದೆ ಬಂದ. ಗಿರಣಿಯ ಮೋಟರು ಕೆಟ್ಟಾಗಲೆಲ್ಲ ಬೈಲಹೊಂಗಲದಿಂದ ಬರುತ್ತಿದ್ದ ಮೆಕ್ಯಾನಿಕ್ ಅವನು. ಮೋಟರು ಕೆಡದಿದ್ದರೂ ಬರುತ್ತಿದ್ದ ಗೆಳೆಯ. ಅವನು ಶಂಕ್ರೆಪ್ಪನ ಹೆಂಡತಿಯ ಕಡೆ ನೋಡಿದ. "ವೈನಿ, ನೀವು ಹೂಂ ಅಂದ್ರ ನನ್ನ ಟೆಂಪೋದ ಬ್ಯಾಟರಿ ಬಿಚ್ಚಿ ಹಚ್ಚತೇನಿ."

ಎಲ್ಲರೂ ಇಂದ್ರವ್ವನ ಕಡೆ ತಿರುಗಿದರು. ಆ ಯಂತ್ರಕ್ಕೂ ಅವಳಿಗೂ ಆಗಿಬರುತ್ತಿರಲಿಲ್ಲ ಎಂಬುದು ಓಣಿಗೆಲ್ಲ ಗೊತ್ತಿದ್ದ ಮಾತು.

*

ಶಂಕ್ರೆಪ್ಪ ಓದಿದ್ದು ಎಸ್ಸೆಸ್ಸೆಲ್ಸಿ. ಲೆಕ್ಕದ ಹುಚ್ಚು ಮಾತ್ರ ಹುಟ್ಟುಗುಣ. ಗಿರಾಕಿಯ ಜೋಳ ಹದಿನೈದು ಕಿಲೋ ತೂಗಿದರೆ "ಮೂರೈದಲೇ" ಎನ್ನುವನು. ಹದಿನೇಳು ತೂಗಿದರೆ "ಇದು ಒಡಿಯೂದಿಲ್ಲ ಬಿಡು" ಎನ್ನುವನು. ಪ್ರಜ್ಞಾ ಕಂಪ್ಯೂಟರ್ ತಂದುಕೊಟ್ಟ ಮೇಲೆ ಆ ಹುಚ್ಚಿಗೆ ಹಾದಿ ಸಿಕ್ಕಿತು. ಇಂಟರ್‌ನೆಟ್ಟಿನಲ್ಲಿ ಕಾಳು ತುಂಬಿಡುವ ಹಗೇವಿನ ಹಾಗೆ ಸಂಖ್ಯೆಗಳದೇ ಒಂದು ಕಣಜ ಇತ್ತು. ನೂರಾರು ಅಂಕಿಗಳ ಸಂಖ್ಯೆಗಳಲ್ಲಿ ಯಾವುದು ಎಷ್ಟೆಷ್ಟಾಗಿ ಒಡೆಯುತ್ತದೆ, ಯಾವುದು ಒಡೆಯುವುದೇ ಇಲ್ಲ ಎಂಬುದನ್ನು ದೇಶದೇಶದ ಹವ್ಯಾಸಿಗಳು ತಮ್ಮ ಯಂತ್ರಗಳಲ್ಲಿ ಕಂಡುಹಿಡಿದು ಅಲ್ಲಿ ತುಂಬುತ್ತಿದ್ದರು. ಶಂಕ್ರೆಪ್ಪ ಗಿರಣಿ ಮುಚ್ಚಿ ಬಂದವನು ಮೈಮೇಲಿನ ಹಿಟ್ಟನ್ನೂ ಕೊಡವದೆ ಅದರ ಮುಂದೆ ಕೂರುತ್ತಿದ್ದ.

"ನನ್ನ ಸವತಿ ಅದು" ಎಂದು ಇಂದ್ರವ್ವ ಓಣಿಯ ಹೆಂಗಸರನ್ನು ನಗಿಸುತ್ತಿದ್ದಳು. ನಗು ಮುಗಿದ ಮೇಲೆ ಅವಳ ಮನಸ್ಸು ಮಾತ್ರ ಹುಳ್ಳಗಾಗುತ್ತಿತ್ತು. ಹಗಲೆಲ್ಲ ಗಿರಣಿಯಲ್ಲಿ ಜೊತೆಗೆ ದುಡಿಯುವ ಗಂಡ ಸಂಜೆಯಾದರೆ ತನಗೆ ಪಾಲಿಲ್ಲದ ಊರಿಗೆ ಹೋಗುತ್ತಾನೆ ಅನ್ನಿಸುತ್ತಿತ್ತು.

ಮೂರು ವರ್ಷದ ಹಿಂದೆ ಒಂದು ಸಂಜೆ ಅವನು ತಾಟಿನ ಮುಂದೆ ಉಣ್ಣದೆ ಕೂತಿದ್ದ.

"ಇಂಟರ್‌ನೆಟ್ಟಿನ್ಯಾಗ ಐದಕ್ಕ ಮುಗಿಯೋ ಸಂಖ್ಯಾಕ್ಕೂ ಒಡಿಯೂದಿಲ್ಲ ಅಂತ ಬರದೈತಿ ನೋಡ. ಸಾಲಿ ಹುಡುಗರಿಗೂ ಗೊತ್ತೈತಿ, ಅದು ಐದರಿಂದ ಒಡೀತೈತಿ ಅಂತ. ಹಿಂದಿನ ಸಂಖ್ಯಾದ ಉತ್ತರಾ ಮುಂದಿನದಕ್ಕ ಅಂಟಾಕ ಹತ್ತೈತಿ. ಯಾವಾಗ ಹತ್ತತೈತಿ ಅನ್ನೂದ ಯಾರಿಗೂ ತಿಳೀವಲ್ದು."

ಇಂದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಖಾರ ಬೀಸಿದ ಮ್ಯಾಲ ನಾ ಏನ ಮಾಡ್ತೇನಿ? ಹಿಡಿ ಜ್ವಾಳ ಹಾಕಿ, ಆ ಹಿಟ್ಟ ಬಾಯಾಗ ಇಟ್ಟ ನೋಡೂದಿಲ್ಲ? ಖಾರ ಹತ್ತಿದ್ರ ಕಲ್ಲ ಬಿಚ್ಚಿ ಜಾಡಿಸೂದು. ಆ ಲೆಕ್ಕದವರಿಗೂ ಹಂಗ ಮಾಡ್ರಿ ಅಂತ ಹೇಳ್ರಿ. ಮೊದಲ ಉಣ್ರಿ."

ಶಂಕ್ರೆಪ್ಪ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಎದ್ದು ಕೋಣೆಗೆ ಹೋದ. ಮುಂದೆ ಏನಾಯಿತೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ತನ್ನ ಮಾತು ಆ ಕೋಣೆಯ ಹೊಸ್ತಿಲು ದಾಟುವಂಥದ್ದಲ್ಲ ಎಂದುಕೊಂಡಳು.

*

ಕೀಂ ಕೀಂ ಸದ್ದು ಚುರುಕಾಯಿತು. "ಇಂದ್ರವ್ವಾ, ನೀನ ಹೇಳು," ಎಂದರು ಬಸಯ್ಯ.

ಇಂದ್ರವ್ವ ಗಂಡನ ಕೈ ನೋಡಿದಳು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಹಿಟ್ಟು ಉಳಿದಿತ್ತು.

"ಗಿರಣಿ ಬಾಯಿಗೆ ಹಾಕಿದ ಕಾಳ ಬೀಸಿ ಮುಗಿಸದ ಬಂದ್ ಮಾಡಬಾರದು ಅಂತಿದ್ರು. ನಡುವ ನಿಲ್ಲಿಸಿದ್ರ ಕಲ್ಲ ಕಚ್ಚತಾವು. ತಮ್ಮವ್ವ ತೀರಿಕೊಂಡ ದಿನಾನೂ ಹಾಕಿದ್ದನ್ನ ಬೀಸೀನ ಎದ್ದ ಬಂದಿದ್ರು." ಅವಳು ಕೋಣೆಯ ಕಡೆ ನೋಡಿದಳು. "ಅದರ ಮ್ಯಾಲ ನನಗೇನ ಪ್ರೀತಿ ಇಲ್ಲರಿ ಅಯ್ಯಾರ. ಆದ್ರ ಹಾಕಿದ್ದು ಬೀಸಲಿ."

"ಖರೇ ಅಂತಾಳ," ಶೆಟ್ಟೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಅವತ್ತ ನಾನ ಬೈದಿದ್ದೆ ಅವಗ. ಹೆಣಾ ಮನ್ಯಾಗ ಇಟಗೊಂಡು ಹಿಟ್ಟ ಬೀಸ್ತಿಯೇನಲೇ ಅಂತ."

ಬಸಯ್ಯ ಹೂಂ ಎಂದು ತಲೆಯಾಡಿಸಿದರು. ನಿಜಾಮಸಾಬ ಆಗಲೇ ಟೆಂಪೋದ ಕಡೆ ಓಡಿದ್ದ. ಹಳೆಯ ಬ್ಯಾಟರಿ ಬಿಚ್ಚದೆ ಅದರ ಪಕ್ಕಕ್ಕೇ ತನ್ನದನ್ನು ಜೋಡಿಸಿದ. ಕೂಗು ನಿಂತಿತು. ಭಜನೆಯವರು ಬಿಟ್ಟ ನುಡಿಯಿಂದಲೇ ಮತ್ತೆ ಎತ್ತಿಕೊಂಡರು.

ಮೂರು ಗಂಟೆಗೆ ಶಂಕ್ರೆಪ್ಪನನ್ನು ಹೊಲದ ಬದಿಯ ಕುಣಿಯಲ್ಲಿ ಕೂರಿಸಿದರು. ಇಂದ್ರವ್ವ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು. ದೂರದಲ್ಲಿ ನಿಂತಿದ್ದ ನಿಜಾಮಸಾಬನನ್ನು ಬಸಯ್ಯನೇ ಕರೆದು ಹಿಡಿ ಮಣ್ಣು ಹಾಕಿಸಿದರು.

*

ಮನೆಗೆ ಬಂದು ಜಳಕ ಮಾಡಿ, ದೀಪ ನೋಡಿ ಕೂತಾಗ ಹೊತ್ತು ಇಳಿದಿತ್ತು. ಕರೆಂಟ್ ಬಂದಿತ್ತು. ನೆರೆಯವರು ತಂದ ಬುತ್ತಿಯನ್ನು ಯಾರೂ ಇನ್ನೂ ಬಿಚ್ಚಿರಲಿಲ್ಲ.

"ಅವ್ವಾ, ಮುಗೀತು, ಬಾ ಇಲ್ಲಿ," ಪ್ರಜ್ಞಾ ಕೋಣೆಯಿಂದ ಕರೆದಳು. "ಎರಡಾಗಿ ಒಡದೈತಿ. ಅಪ್ಪನ ಹೆಸರಲೇ ಕಳಿಸೇನಿ."

ಇಂದ್ರವ್ವ ಹೊಸ್ತಿಲ ಮೇಲೆ ನಿಂತಳು. ಆಮೇಲೆ ಒಳಗೆ ಬಂದು ಗಂಡನ ಕುರ್ಚಿಯಲ್ಲಿ ಕೂತಳು. ಪರದೆಯ ತುಂಬ ಇರುವೆ ಸಾಲಿನ ಹಾಗೆ ಅಂಕಿಗಳು. ಅಂಕಿ ಮಾತ್ರ ಅವಳಿಗೆ ಓದಲು ಬರುತ್ತಿತ್ತು. ಸಾಲುಗಳ ಕೆಳಗೆ ಒಂದು ಸಣ್ಣ ಲೆಕ್ಕ ಕಂಡಿತು: 15 = 3 × 5.

"ಇದೇನ, ಇಷ್ಟ ಸಣ್ಣದು?"

"ಅದು ಪರೀಕ್ಷಾ ಅವ್ವಾ. ಒಂದೊಂದ ಸಂಖ್ಯಾ ಆದ ಮ್ಯಾಲೂ ಈ ಲೆಕ್ಕಾ ಮಾಡವರೆಲ್ಲಾ ಹದಿನೈದ ಹಾಕಿ ನೋಡ್ತಾರ. ಒಡಿಯೂದಿಲ್ಲ ಅಂತ ಬಂದ್ರ, ಹಿಂದಿನದು ಹತ್ತೇತಿ ಅಂತ ತಿಳದು ನಿಲ್ಲಿಸಿ ಸ್ವಚ್ಛ ಮಾಡ್ತಾರ. ಅಪ್ಪ ಬರದ ಕಳಿಸಿದ್ದ ಉಪಾಯ ಇದು. ದಿನಕ್ಕ ಸಾವಿರಾರು ಸರ್ತಿ ನಡೀತೈತಿ." ಪ್ರಜ್ಞಾ 15ರ ಮುಂದಿದ್ದ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟಳು. "ಇದಕ್ಕ ಅವರು ಹಿಡಿ ಅಂತನ ಹೆಸರ ಇಟ್ಟಾರ. ಹಿಡಿ ಅಂತ ಯಾಕಪ್ಪಾ ಅಂತ ಕೇಳಿದ್ರ, 'ನಿಮ್ಮವ್ವನ್ನ ಕೇಳ ಹೋಗು' ಅಂತ ನಗತಿದ್ದ. ನಾನ ಕೇಳೂದ ಮರತೆ."

ಇಂದ್ರವ್ವನಿಗೆ ಬೆಳಗಿನಿಂದ ತಡೆದಿದ್ದ ಅಳು ಒಮ್ಮೆಲೇ ಬಂತು. ಮಗಳು ಹೆಗಲು ಹಿಡಿದುಕೊಂಡಳು. ಅವಳು ಅತ್ತು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು.

ಮರಳಿ ಬಂದಾಗ ಬಲಗೈ ಮುಷ್ಟಿ ಕಟ್ಟಿತ್ತು. ಹಿಟ್ಟು ಮೆತ್ತಿದ ಕೀಲಿಮಣೆಯ ಪಕ್ಕದಲ್ಲಿ ಅವಳು ಹಿಡಿ ಜೋಳ ಸುರಿದಳು.