ಉಜ್ಜಿ ತೆಗೆದ ಮುದ್ರೆ

ಗೋಡೆಗೆ ನೇತುಹಾಕಿ ಸೊಪ್ಪು ಬೆಳೆಯುವ ಒಂದು ಗೋಡೆತೋಟಕ್ಕೆ ತಗಲುವ ಖರ್ಚು ಹೆಚ್ಚೇನಿಲ್ಲ. ಸರಕಿನ ಪೆಟ್ಟಿಗೆಗಳ ಅಡಿಗೆ ಹಾಕುವ ಮರದ ಪ್ಯಾಲೆಟ್ಟು ಗೋದಾಮಿನ ಹಿಂದೆ ಬಿಟ್ಟಿ ಸಿಗುತ್ತದೆ. ಮಣ್ಣು ಸುರಿಯದಂತೆ ಬೆನ್ನಿಗೆ ಹೊಡೆಯುವ ಗೋಣಿ ಹಳೆಯದು. ಮೊಳೆಗೆ, ಗೊಬ್ಬರಕ್ಕೆ ಚಿಲ್ಲರೆ ಕಾಸು. ದುಬಾರಿಯೆಂದರೆ ಸ್ಯಾಂಡ್‌ಪೇಪರ್ ಒಂದೇ, ಏಕೆಂದರೆ ಇವನ್ನು ಮಾಡಿ ಮಾರುವ ಅಕ್ಕನಿಗೆ ಮರ ನುಣ್ಣಗಿರಬೇಕು. ಪ್ಯಾಲೆಟ್ಟಿನ ಬದಿಯ ಕಪ್ಪು ಮುದ್ರೆ ಕಂಡರಂತೂ ಅವಳಿಗೆ ಮೈ ಉರಿಯುತ್ತಿತ್ತು. "ಗೋಡೆಗೆ ಮೂಟೆ ನೇತುಹಾಕಿದ ಹಾಗೆ ಕಾಣತ್ತೆ" ಎಂದು ಮೊದಲು ಅದನ್ನೇ ಉಜ್ಜಿ ಹಾಕುತ್ತಿದ್ದಳು.

ಅವತ್ತು ಮಧ್ಯಾಹ್ನ ಅವಳ ತಮ್ಮ ಹಿತ್ತಲಲ್ಲಿ ಹೊಸ ಪ್ಯಾಲೆಟ್ಟು ಇಳಿಸುತ್ತ ಹೇಳಿದ, "ಗೋದಾಮಿನವನು ಇವತ್ತು ಒಂದನ್ನ ನನ್ನ ಕೈಯಿಂದಲೇ ಕಿತ್ಕೊಂಡ ಕಣಕ್ಕಾ. ಎಂಬಿ ಅಂತ ಮುದ್ರೆ ಇತ್ತು. ಎಚ್‌ಟಿ ಅಂದ್ರೆ ಬರೀ ಬಿಸಿ ಮಾಡಿದ್ದಂತೆ, ಭಯ ಇಲ್ಲ. ಎಂಬಿ ಅಂದ್ರೆ ಹುಳ ಸಾಯ್ಲಿ ಅಂತ ವಿಷದ ಗಾಳಿ ಕುಡಿಸಿದ ಮರ. ತಿನ್ನೋ ಸೊಪ್ಪು ಅದ್ರಲ್ಲಿ ಬೆಳೀಲೇಬಾರ್ದಂತೆ. ಸದ್ಯ, ನಾವು ಹುಳ ಆಗಿ ಹುಟ್ಲಿಲ್ಲ!"

ಅಕ್ಕ ನಗಲಿಲ್ಲ. ಅವಳ ಕಣ್ಣು ಅಡುಗೆಮನೆಯ ಕಿಟಕಿಯ ಕಡೆ ಹೋಗಿತ್ತು. ಅದರ ಪಕ್ಕದಲ್ಲಿ ಅವಳು ಮಾಡಿದ ಮೊಟ್ಟಮೊದಲ ಗೋಡೆತೋಟ, ತುಂಬ ಪುದೀನ. ಒಮ್ಮೆ ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡ ಮಗಳು ಮತ್ತೆ ಬಸುರಿಯಾಗಿ, ತಿಂದದ್ದೆಲ್ಲ ವಾಂತಿಯಾಗುತ್ತಿದ್ದಾಗ, ಪುದೀನದ ಎಲೆ ಅಗಿದರೆ ಮಾತ್ರ ಎರಡು ತುತ್ತು ಒಳಗೆ ನಿಲ್ಲುತ್ತಿತ್ತು. ಅವಳಿಗೆಂದೇ ಮಾಡಿದ್ದು ಅದು. ಈಗ ಏಳನೇ ತಿಂಗಳು. ಮಗಳು ಕಿಟಕಿಯಿಂದ ಕೈ ಚಾಚಿ ಎರಡು ಎಲೆ ಚಿವುಟಿ ಬಾಯಿಗೆ ಹಾಕಿಕೊಂಡಳು.

"ಉಗುಳೇ!" ಅಕ್ಕ ಕಿರುಚಿದಳು.

"ಯಾಕಮ್ಮಾ?"

"ಅದು... ಹುಳ ಹತ್ತಿದೆ."

"ಇಷ್ಟು ದಿನ ಇಲ್ಲದ ಹುಳ ಇವತ್ತೆಲ್ಲಿಂದ ಬಂತು? ಮಾವ ತಂದ್ರಾ?" ಮಗಳು ನಗುತ್ತ ಉಗುಳಿ ಒಳಗೆ ಹೋದಳು.

ತಮ್ಮನ ಮುಖದ ನಗು ಇಳಿಯಿತು. "ಅಕ್ಕಾ, ಅದರ ಮುದ್ರೆ ಏನಿತ್ತು?"

"ನಾನೆಲ್ಲಿ ಓದ್ದೆ? ಉಜ್ಜಿಬಿಟ್ಟೆ."

ಮುದ್ರೆ ಎರಡು ಬದಿಗೂ ಒತ್ತಿರುತ್ತಾರೆ. ಒಂದು ಬದಿಯದು ಪುಡಿಯಾಗಿ ಗಾಳಿಗೆ ಹೋಗಿತ್ತು. ಇನ್ನೊಂದು ಬದಿಯ ಕಾಲುತುಂಡುಗಳನ್ನು ಗೋಡೆಗೆ ಅಡ್ಡವಾಗುತ್ತವೆಂದು ತಮ್ಮನೇ ಕೊಯ್ದು ತೆಗೆದಿದ್ದ. ಉಳಿದ ಪ್ಯಾಲೆಟ್ಟುಗಳ ತುಂಡೆಲ್ಲ ಬಿಳಿಮರ, ಒಲೆಗೆ ಹೋಗಿದ್ದವು. ಮೊದಲನೆಯದೊಂದೇ ಕೆಂಪುಮರ. ಅದರ ನಾಲ್ಕು ತುಂಡು ಎಲ್ಲಿವೆಯೆಂದು ಅಕ್ಕನಿಗೆ ನೆನಪಾಯಿತು. ಮಂಚ ತಗ್ಗಾಯಿತು, ಏಳುವಾಗ ಸೊಂಟ ಹಿಡಿಯುತ್ತದೆ ಎಂದು ಮಗಳು ಅಂದಾಗ, ಅವಳ ಮಂಚದ ಕಾಲುಗಳ ಅಡಿಗೆ ತಾನೇ ಕೊಟ್ಟಿದ್ದಳು.

ಇಬ್ಬರೂ ಕೋಣೆಗೆ ಹೋದರು. ಮಗಳು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

"ಸ್ವಲ್ಪ ಏಳಮ್ಮಾ, ಮಂಚ ಅಲ್ಲಾಡ್ತಿದೆ" ಎಂದ ತಮ್ಮ.

"ನಾನು ಕೂತ್ರೆ ಈಗ ನೆಲಾನೇ ಅಲ್ಲಾಡತ್ತೆ ಮಾವಾ." ಎದ್ದವಳು ತಾಯಿಯ ಮುಖ ನೋಡಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಏನಮ್ಮಾ? ಹುಳ ಅಲ್ಲ ತಾನೆ?"

ಅಕ್ಕನಿಗೆ ಸುಳ್ಳು ಬರಲಿಲ್ಲ. ಇದ್ದದ್ದನ್ನು ಹೇಳಿಬಿಟ್ಟಳು. ಮಗಳು ಗೋಡೆಗೆ ಒರಗಿದಳು.

ತಮ್ಮ ಮಂಚ ಎತ್ತಿ ಹಿಡಿದ. ಅಕ್ಕ ಒಂದೊಂದೇ ತುಂಡು ಎಳೆದು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮೂರರ ಮೇಲೆ ಏನೂ ಇರಲಿಲ್ಲ. ಮೂಲೆಯದರ ಮೇಲೆ ಕಪ್ಪಗೆ ಏನೋ ಕಂಡಿತು. ಅವಳು ಕಣ್ಣು ಮುಚ್ಚಿ ಅದನ್ನು ತಮ್ಮನ ಕಡೆ ಚಾಚಿದಳು. ಅವನು ಮಂಚ ಇಳಿಸಿ ಅದನ್ನು ತೆಗೆದುಕೊಂಡ. ತಿರುಗಿಸಿ ತಿರುಗಿಸಿ ನೋಡಿದ.

"ಬಾಯಿ ಬಿಡೋ!"

"ತಲೆಕೆಳಗಾಗಿ ಹಿಡ್ಕೊಂಡಿದ್ದೆ ಕಣೆ." ಅವನು ತುಂಡನ್ನು ಬೆಳಕಿಗೆ ಹಿಡಿದ. "ಎಚ್... ಟಿ. ಎಚ್‌ಟಿ ಅಕ್ಕಾ!"

ಮಗಳು ಅಲ್ಲೇ ಕುಸಿದು ಕೂತು ಅತ್ತಳು. ಅಕ್ಕ ಅವಳ ಬೆನ್ನು ಸವರುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಮಾರಿದ್ದು ಮೂರು ಇದೆಯಲ್ಲೋ. ಬಿಳಿಮರದ್ದು."

"ಅದರ ತುಂಡೆಲ್ಲ ಸುಟ್ಟಾಯ್ತು. ಏನಿತ್ತೋ ಯಾರಿಗೂ ಗೊತ್ತಾಗಲ್ಲ ಬಿಡು."

"ಗೊತ್ತಾಗಲ್ಲ ಅನ್ನೋದೇ ನನಗೆ ಹೆದರಿಕೆ. ಅವರ ಮನೇಲೂ ಯಾರೋ ಕಿಟಕಿಯಿಂದ ಕೈ ಹಾಕ್ತಿರ್ತಾರೆ. ಗಾಡಿ ತೆಗಿ."

ಸಂಜೆಯೊಳಗೆ ಮೂರೂ ಮನೆಯ ಬಾಗಿಲು ತಟ್ಟಿದರು. ಇಬ್ಬರು ಬೈದು ದುಡ್ಡು ವಾಪಸ್ ತೆಗೆದುಕೊಂಡರು. ಮೂರನೆಯವಳು, ಚಿಕ್ಕ ಮಕ್ಕಳಿದ್ದವಳು, ಬೈಯಲೂ ಇಲ್ಲ; ಗೋಡೆಯಿಂದ ಅದನ್ನು ಇಳಿಸುವವರೆಗೂ ಮಕ್ಕಳನ್ನು ಒಳಗೇ ಹಿಡಿದುಕೊಂಡು ನಿಂತಿದ್ದಳು.

ಮಗಳ ಪುದೀನ ಉಳಿಯಿತು. ಮೂರು ತೋಟದ ದುಡ್ಡು ಹೋಯಿತು, ಗಿರಾಕಿಗಳೂ ಹೋದರು. ಆ ಮೂರರ ಮರದಲ್ಲಿ ಏನಿತ್ತೆಂಬುದು ಇಂದಿಗೂ ಗೊತ್ತಿಲ್ಲ.