ಕಾಲ ಕಡೆಯ ಹಗ್ಗ

ಇಶ್ಬೆಲ್ ಗೆಳತಿ ಡೋಲಿನಾಳ ಸೈಕಲ್ಲಿಗೆ ಸಿಟ್ಟನ್ನೆಲ್ಲ ಸೇರಿಸಿ ಗಾಳಿ ಹೊಡೆಯುತ್ತಿದ್ದಳು. ಅಂಗಳದಾಚೆ ಗಂಡಸರು ಡೋಲಿನಾಳ ಶವಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟಿದ್ದರು.

"ಅದೇನೇ ಮಾಡ್ತಿದ್ದೀಯ?" ಪಕ್ಕದ ಮನೆಯ ಮರ್ಡೀನಾ ಬಾಗಿಲಿಗೆ ಬಂದಳು. "ಒಳಗೆ ಬಾ. ಅವರು ಮಣ್ಣು ಮಾಡಿ ಬರೋಷ್ಟರಲ್ಲಿ ಚಹಾ ಆಗ್ಬೇಕು, ಮೊಟ್ಟೆ ಬೇಯ್ಬೇಕು."

"ನೀನೇ ಬೇಯಿಸು. ನಾನು ಹೋಗ್ತೀನಿ."

"ಹೆಂಗಸರು ಮಣ್ಣಿಗೆ ಹೋಗೋದುಂಟೇನೇ? ನನ್ನ ಗಂಡನ ಮಣ್ಣಿಗೇ ನಾನು ಹೋಗ್ಲಿಲ್ಲ. ಕಿಟಕೀಲಿ ನಿಂತು ನೋಡ್ದೆ."

"ನೋಡಿ ಸಮಾಧಾನ ಆಯ್ತಾ?"

ಮರ್ಡೀನಾ ಕೈಯಲ್ಲಿದ್ದ, ಆಗಲೇ ಒರೆಸಿದ್ದ ಬಸಿಯನ್ನೇ ಮತ್ತೊಮ್ಮೆ ಒರೆಸಿದಳು.

ದ್ವೀಪದ ಈ ಮಗ್ಗುಲೆಲ್ಲ ಬರೀ ಬಂಡೆ, ಸಲಿಕೆ ಇಳಿಯುವುದಿಲ್ಲ. ಊರಿನ ಸತ್ತವರೆಲ್ಲ ಗುಡ್ಡ ದಾಟಿ ಪಡುವಣದ ಮರಳಿಗೇ ಹೋಗಬೇಕು. ಮೆರವಣಿಗೆಯ ಮುಂದೆ ಡೋಲಿನಾಳ ಅಣ್ಣ ಟಾರ್ಮಡ್, ಚರ್ಚಿನ ಹಿರಿಯ. ಒಂಬತ್ತು ವರ್ಷ ತಂಗಿಯ ಹೊಸ್ತಿಲು ತುಳಿಯದವನು ಬೆಳಿಗ್ಗೆ ಅವಳ ನಡುಮನೆಯಲ್ಲಿ ನಿಂತು, "ಬಂಗಾರದಂಥ ತಂಗಿ ನಂದು" ಎಂದು ಅತ್ತಿದ್ದ. ಕೇಳಿ ಇಶ್ಬೆಲ್‌ಗೆ ಮೈಯೆಲ್ಲ ಉರಿದುಹೋಗಿತ್ತು. ಪೆಟ್ಟಿಗೆ ಇಳಿಸಲು ಅದಕ್ಕೇ ಬಿಗಿದ ಎಂಟು ಹಗ್ಗ, ಹತ್ತಿರದವರಿಗೆ ಒಂದೊಂದು. ಹಂಚಿದವನು ಟಾರ್ಮಡ್. ಪಾದ್ರಿಯ ಕಾರು ಓಡಿಸಿಕೊಂಡು ಬಂದ ಹುಡುಗನಿಗೂ ಕಾಲ ಕಡೆಯ ಹಗ್ಗ ಸಿಕ್ಕಿತ್ತು. ಇಶ್ಬೆಲ್‌ಗೆ ಸಿಕ್ಕಿದ್ದು ಮೊಟ್ಟೆ.

*

ಡೋಲಿನಾ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಬೇಸಿಗೆ ಬಂತೆಂದರೆ ಇಬ್ಬರೂ ಸೈಕಲ್ಲುಗಳನ್ನು ಹಾಯಿದೋಣಿಯ ಕಂಬದ ಬುಡಕ್ಕೆ ಕಟ್ಟಿ ಹೊರಡುವರು. ಕಂಡ ಕಂಡ ದ್ವೀಪದಲ್ಲಿ ಲಂಗರು, ರಸ್ತೆ ಇದ್ದಷ್ಟು ದೂರ ಸವಾರಿ, ಆಮೇಲೆ ಸೈಕಲ್ಲು ಹೆಗಲ ಮೇಲೆ. ಜನ ಬಿಟ್ಟುಹೋದ ಊರುಗಳಲ್ಲಿ ಸೂರಿಲ್ಲದ ಮನೆಯ ಒಳಗೆ ಕಾಲಿಡುವ ಮುಂಚೆಯೂ ಡೋಲಿನಾ ಬಾಗಿಲ ಕಲ್ಲನ್ನು ತಟ್ಟಿ, "ಒಳಗೆ ಬರಬಹುದಾ?" ಎಂದು ಕೇಳುತ್ತಿದ್ದಳು.

ಒಂಬತ್ತು ವರ್ಷದ ಹಿಂದೆ ಒಂದು ಶನಿವಾರ ಗಾಳಿ ಬಿದ್ದುಹೋಯಿತು. ಭಾನುವಾರ ಬೆಳಿಗ್ಗೆ ಮತ್ತೆ ಎದ್ದಾಗ ಊರ ಕಡೆಗೆ ಹಾಯಿ ಬಿಚ್ಚಿದರು. ದಡ ಕಾಣತೊಡಗಿದಂತೆ ಇಶ್ಬೆಲ್‌ಗೆ ಹೆದರಿಕೆಯಾಯಿತು. ಭಾನುವಾರ ದೇವರ ದಿನ, ಕೆಲಸ, ಪ್ರಯಾಣ ಎಲ್ಲ ಪಾಪ; ಅಲ್ಲಿ ಯಾರೂ ಒಗೆದ ಬಟ್ಟೆಯನ್ನೂ ಹೊರಗೆ ಹಾಕುವುದಿಲ್ಲ.

"ಬಂಡೆ ಹಿಂದೆ ಲಂಗರು ಹಾಕೋಣ ಕಣೆ. ಸೋಮವಾರ ಆಗ್ಲಿ. ಎಲ್ಲರೂ ಹಾಗೇ ತಾನೆ ಮಾಡೋದು."

"ಹಾಯಿ ಬಿಚ್ಚಿದ್ದನ್ನ ದೇವರು ಆಗ್ಲೇ ನೋಡಿಯಾಯ್ತು," ಎಂದಳು ಡೋಲಿನಾ. "ಇನ್ನು ಯಾರಿಂದ ಬಚ್ಚಿಟ್ಕೊಳ್ಳೋಣ?"

ಅವಳು ದೋಣಿಕಟ್ಟೆಯಿಂದ ಸೈಕಲ್ಲು ಏರಿ ಬರುವುದಕ್ಕೂ ಚರ್ಚು ಬಿಡುವುದಕ್ಕೂ ಸರಿಹೋಯಿತು. ಇಳಿದು, ಅಣ್ಣನಿಗೆ ನಮಸ್ಕಾರ ಹೇಳಿದಳು. ಟಾರ್ಮಡ್ ಬೆನ್ನು ತಿರುಗಿಸಿದ. ಅವನ ಹಿಂದಿದ್ದವರೆಲ್ಲ ತಿರುಗಿಸಿದರು. ಶಾಲೆ ತೆರೆದ ದಿನ ಡೋಲಿನಾ ಅವರ ಮಕ್ಕಳ ತಟ್ಟೆಗೆ ಎಂದಿನಂತೆ ಸಾರು ಬಡಿಸಿದಳು. ಅವಳಿಗೆ ಸಿಟ್ಟು ಬರಲೇ ಇಲ್ಲ. ಅವಳ ಪಾಲಿನದೂ ಇಶ್ಬೆಲ್‌ಗೇ ಬಂದಿತ್ತು.

*

ಗುಡ್ಡದ ಇಳಿಜಾರಿನಲ್ಲಿ ಇಶ್ಬೆಲ್ ಮೆರವಣಿಗೆಯನ್ನು ಹಿಂದೆ ಹಾಕಿದಳು. ಗಂಡಸರು ಬರುವಷ್ಟರಲ್ಲಿ ಸೈಕಲ್ಲನ್ನು ಸ್ಮಶಾನದ ಗೋಡೆಗೆ ಒರಗಿಸಿ ಗುಂಡಿಯ ಪಕ್ಕ ನಿಂತಿದ್ದಳು.

ಪೆಟ್ಟಿಗೆ ಗುಂಡಿಯ ಹಲಗೆಗಳ ಮೇಲೆ ಕುಳಿತಿತು. ಅವರವರು ಹಗ್ಗ ಹಿಡಿದರು. ಇಶ್ಬೆಲ್ ಕಾರಿನ ಹುಡುಗನತ್ತ ಕೈ ಚಾಚಿದಳು.

"ಕೊಡಪ್ಪ ಅದನ್ನ."

"ಇಶ್ಬೆಲ್," ಟಾರ್ಮಡ್ ಗದರಿದ. "ಇದು ನಿನ್ನ ಜಾಗ ಅಲ್ಲ. ಮನೆಗೆ ನಡಿ."

"ನಿಂಗೆ ನೋಡೋಕಾಗ್ದಿದ್ರೆ ಬೆನ್ನು ತಿರುಗಿಸಿ ನಿಲ್ಲು, ಟಾರ್ಮಡ್. ಅದು ನಿಂಗೆ ಚೆನ್ನಾಗಿ ಬರುತ್ತೆ."

ಹುಡುಗ ಅವನ ಮುಖ ನೋಡಿದ, ಇವಳ ಮುಖ ನೋಡಿದ, ಹಗ್ಗ ಇವಳ ಕೈಗಿಟ್ಟು ಹಿಂದೆ ಸರಿದ.

ಹಲಗೆ ಎಳೆದರು. ಇಳಿಸತೊಡಗಿದಾಗ ಟಾರ್ಮಡ್‌ನ ಕೈಯಿಂದ ಹಗ್ಗ ಜಾರಿತು. ಪೆಟ್ಟಿಗೆಯ ತಲೆ ಕಡೆ ಕುಸಿಯಿತು.

"ತಲೆ ಕಡೆ ಬಿಗಿ ಹಿಡಿ!" ಇಶ್ಬೆಲ್ ದೋಣಿಯಲ್ಲಿ ಕೂಗುವ ಹಾಗೆ ಕೂಗಿದಳು. "ಹಿಡಿದೆಯಾ? ಈಗ ಬಿಡು. ನಿಧಾನ, ನಿಧಾನ."

ಅವಳು ಹೇಳಿದ ಹಾಗೆ ಅವನು ಕೇಳಿದ. ಪೆಟ್ಟಿಗೆ ಸಮನಾಗಿ ತಳ ಮುಟ್ಟಿತು. ಹಿಡಿದವರು ಕೈಬಿಟ್ಟ ಹಗ್ಗಗಳು ಒಂದೊಂದಾಗಿ ಮುಚ್ಚಳದ ಮೇಲೆ ಬಿದ್ದವು. ಇಶ್ಬೆಲ್‌ಳದು ಬೀಳಲಿಲ್ಲ.

ಟಾರ್ಮಡ್ ಹತ್ತಿರ ಬಂದ. ಮೂಗು ಸೋರುತ್ತಿತ್ತು. "ಬಿಟ್ಬಿಡು, ಇಶ್ಬೆಲ್," ಎಂದ ಮೆಲ್ಲಗೆ. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಈಗ ಅಳುವವನ ಮೇಲೆ ಇನ್ನಷ್ಟು ಸಿಟ್ಟೇ ಬಂತು.

"ನೀನು ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ, ಸಾಲದಾ? ನಂಗೆ ಹೇಳ್ಬೇಡ."

ಗಂಡಸರು ಸ್ವಲ್ಪ ಹೊತ್ತು ಕಾದರು. ಆಮೇಲೆ ಸಲಿಕೆ ತೆಗೆದುಕೊಂಡರು. ಬಿಳಿ ಮರಳು ಮುಚ್ಚಳವನ್ನು ಮುಚ್ಚಿತು, ಗುಂಡಿ ತುಂಬಿ ನೆಲಕ್ಕೆ ಸಮವಾಯಿತು. ಮರಳಿನೊಳಗಿಂದ ಎದ್ದ ಹಗ್ಗ ಇಶ್ಬೆಲ್‌ಳ ಮುಷ್ಟಿಯಲ್ಲಿ ಬಿಗಿಯಾಗಿಯೇ ಇತ್ತು. ಟಾರ್ಮಡ್ ಮೊಣಕಾಲೂರಿ, ಅದಕ್ಕೆ ತಾಗದ ಹಾಗೆ, ಸುತ್ತಲಿನ ಮರಳನ್ನು ಕೈಯಿಂದ ತಟ್ಟತೊಡಗಿದ.