ನಾ ಎನ್ನುವ ಕೋಣೆ

ಅವಳ ಚಿಂತೆ ತೀರ ಸಣ್ಣದು, ಯಾರಿಗಾದರೂ ಹೇಳಿದರೆ ನಕ್ಕಾರು ಎನ್ನುವಷ್ಟು ಸಣ್ಣದು. ಹಾಗಾಗಿ ತನಗೆ ತಾನೇ ಹೇಳಿಕೊಂಡಳು: ನನ್ನ ದಿನಚರಿಯಲ್ಲಿ ನಾನೇ ಇಲ್ಲ.

ಮಾತು ಸುಳ್ಳಲ್ಲ. ಬೆಳಿಗ್ಗೆ ಹಾಸಿಗೆಯ ಮೇಲೆ ಕೂತು ಹಿಂದಿನ ಪುಟಗಳನ್ನು ತಿರುವಿದರೆ, 'ಎದ್ದೆ, ಹೋದೆ, ಹೇಳಬೇಕೆಂದುಕೊಂಡೆ, ಹೇಳಲಿಲ್ಲ, ಬಂದೆ' ಎಂದು ಇರುವೆ ಸಾಲಿನ ಹಾಗೆ ಒಂದರ ಹಿಂದೆ ಒಂದು ನಡೆದಿದ್ದವು. 'ನಾನು' ಮಾತ್ರ ಎಲ್ಲೂ ಇರಲಿಲ್ಲ. ಕನ್ನಡದಲ್ಲಿ ಅದರ ಅಗತ್ಯವೂ ಇಲ್ಲ ಅನ್ನಿ; 'ಹೋದೆ' ಅಂದರೆ ಹೋದವರು ಯಾರೆಂದು ಆ ಪದದ ಬಾಲವೇ ಹೇಳಿಬಿಡುತ್ತದೆ. ಆದರೂ ಮನಸ್ಸು ಪಿಚ್ಚೆಂದಿತು. ದೀಪವೆಲ್ಲ ಹೊತ್ತಿಸಿಟ್ಟು ಮನೆಯವರೇ ಕಾಣೆಯಾದ ಮನೆಯಂತಿತ್ತು ದಿನಚರಿ.

ಪಕ್ಕದ ಹಾಸಿಗೆಯಿಂದ ತಂಗಿ ಒಂದು ಕಣ್ಣು ತೆರೆದಳು. ಅಕ್ಕನ ಪಾಲಿನ ಮಾತನ್ನೂ ತಾನೇ ಬಾಚಿಕೊಂಡು ಹುಟ್ಟಿದವಳು ಎಂದು ಅಮ್ಮ ಆಗಾಗ ಹೇಳುತ್ತಿದ್ದದ್ದು ಇವಳ ಬಗ್ಗೆಯೇ.

"ಇವತ್ತು ನಿನ್ನ ಕೋಣೆಗೆ ಅಕ್ಷರ ಬರೆಸೋ ದಿನ ಅಲ್ವೇನೇ? ಓದೋರು ಯಾರು?"

"ಮೇಡಂ."

"ಸರಿ ಹೋಯ್ತು. ನಾಳೆ ನಿನ್ನ ಮದುವೇಲೂ ಅವರೇ ಹೂಂ ಅಂತಾರೆ, ನೀನು ಹಿಂದೆ ನಿಂತ್ಕೊಂಡು ತಲೆ ಆಡ್ಸು."

ಅಕ್ಕ ದಿಂಬು ಎಸೆದಳು. ಅವಳ ಬಾಯಿಗಿಂತ ಕೈ ಚುರುಕು.

ಓದು ಮುಗಿಸಿದ ಮೇಲೆ ಅವಳಿಗೆ ಕೆಲಸ ಸಿಕ್ಕಿದ್ದು ಪದಗಳ ಮ್ಯೂಸಿಯಂನಲ್ಲಿ. ಮೊದಲು ಅದು ಹತ್ತಿಯ ಗೋದಾಮಾಗಿತ್ತಂತೆ. ಈಗಲೂ ಕಿಟಕಿಯ ಮೂಲೆ ಕೆದಕಿದರೆ ಒಂದೆರಡು ಎಳೆ ಸಿಗುತ್ತವೆ. ಅಲ್ಲಿ ವರ್ಷಕ್ಕೊಂದು ಸಲ ಒಂದು ದೊಡ್ಡ ಕೋಣೆಯನ್ನು ಒಂದೇ ಒಂದು ಪದಕ್ಕೆ ಬಿಟ್ಟುಕೊಡುತ್ತಾರೆ. ಆ ಪದ ಯಾವ ಯಾವ ಭಾಷೆಯಲ್ಲಿ ಏನಾಗಿದೆ, ಎಲ್ಲಿಂದ ಬಂತು ಎಂಬುದೆಲ್ಲ ಗೋಡೆಯ ಮೇಲೆ ಬರುತ್ತದೆ. ಈ ವರ್ಷ ಆಯ್ಕೆಯಾದದ್ದು ಅವಳು ಹುಡುಕಿ ತಂದ ಪದ. ಅಲ್ಲಿ ಎಲ್ಲರೂ 'ಪಿಸುಮಾತು' ಎಂದು ಕರೆಯುವ ಹುಡುಗಿ ತಂದದ್ದು, ಒಂದೇ ಅಕ್ಷರದ ಪದ. ನಾ.

ಅದು ಅವಳಿಗೆ ಸಿಕ್ಕ ರೀತಿಯೂ ಚೆಂದವೇ. ಮ್ಯೂಸಿಯಂ ಬಾಗಿಲಲ್ಲಿ ಒಬ್ಬ ರಷ್ಯನ್ ತಾಯಿ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಿಸ್ಕತ್ತು ಚಾಚಿ, "ನಾ" ಅಂದಳು. ಮಗು ತಕ್ಷಣ ಕಸಿದುಕೊಂಡಿತು. ಇವಳಿಗೆ ಕಾಲ ಕೆಳಗಿನ ನೆಲ ಸ್ವಲ್ಪ ಅಲುಗಾಡಿತು. 'ನಾ' ಅಂದರೆ ನಾನು ತಾನೇ? ಕೊಡುವವರು ಯಾರಾದರೂ ನಾನು ಅನ್ನುತ್ತಾರೆಯೇ? ವಿಚಾರಿಸಿದರೆ, ಅವರಲ್ಲಿ ಅದು 'ತಗೋ'!

ಅಲ್ಲಿಂದ ಹಿಡಿದದ್ದು ಹುಚ್ಚು. ಪಾರ್ಸೆಲ್ ತರುವ ಸ್ವಾಹಿಲಿ ಭಾಷೆಯವನನ್ನು ಚೀಟಿ ಬರೆದು ಕೇಳಿದಳು. ಅವನು ತನ್ನ ಎರಡು ಬೆರಳು ಕೊಂಡಿ ಹಾಕಿ ತೋರಿಸಿದ: ನಾ ಅಂದರೆ 'ಮತ್ತು', 'ಜೊತೆಗೆ'. ಜಪಾನೀ ಭಾಷೆಯಲ್ಲಿ ಅದು 'ಹೆಸರು'. ಚೀನೀಯರು ಅದನ್ನೇ ರಾಗ ಏರಿಸಿ ಅಂದರೆ 'ಕೈಯಲ್ಲಿ ಹಿಡಿ', ಇಳಿಸಿ ಅಂದರೆ 'ಅದು'. ಸಂಸ್ಕೃತದಲ್ಲಿ ಗಿಡ್ಡ ಮಾಡಿ 'ನ' ಅಂದರೆ 'ಇಲ್ಲ'. ಜರ್ಮನರಂತೂ ಗೆಳೆಯ ಎದುರಾದರೆ "ನಾ?" ಅನ್ನುತ್ತಾರೆ, ಆ ಗೆಳೆಯನೂ ಬೇಕಾದರೆ "ನಾ" ಅಂದು ಸುಮ್ಮನಾಗಬಹುದು, ಅಲ್ಲಿಗೆ ಕುಶಲ ಸಮಾಚಾರ ಮುಗಿಯಿತು. ಅದನ್ನು ಓದಿದ ದಿನ ಅವಳು ಇಡೀ ದಾರಿ ನಗುತ್ತಾ ಮನೆಗೆ ಬಂದಿದ್ದಳು. ಬೇರೆ ಬೇರೆ ಹೊಳೆಗಳ ಕಲ್ಲುಗಳು ಉರುಳಿ ಉರುಳಿ, ಒಂದೇ ಗಾತ್ರಕ್ಕೆ ಬಂದು, ಯಾರೋ ಒಬ್ಬರ ಅಂಗೈಯಲ್ಲಿ ಕೂತ ಹಾಗೆ. ಆ ಅಂಗೈ ತನ್ನದೇ ಆಗಿತ್ತಲ್ಲ!

ಕೊನೆಗೆ ಸಿಕ್ಕವಳು ಎದುರು ಬೀದಿಯ ಪಿಯಾನೋ ಟೀಚರ್, ಕೊರಿಯಾದವಳು. 'ನಾ' ಎಂದು ಕೇಳಿದ್ದೇ ತಡ, ತನ್ನ ಎದೆ ಮುಟ್ಟಿಕೊಂಡಳು. ಅವರಲ್ಲೂ 'ನಾ' ಅಂದರೆ ನಾನೇ!

ಮ್ಯೂಸಿಯಂ ತುಂಬ ಸಂಭ್ರಮವೋ ಸಂಭ್ರಮ. ಅಷ್ಟು ದೂರದ ಎರಡು ಭಾಷೆ, ಒಂದೇ ಪದ, ಒಂದೇ ಅರ್ಥ. ಎಲ್ಲೋ ಒಂದು ಕಡೆ ನಂಟು ಇದ್ದೇ ಇದೆ ಎಂದು ಎಲ್ಲರೂ ನಾ ಮುಂದು ತಾ ಮುಂದು ಎಂದು ಊಹೆ ಕಟ್ಟಿದರು. ಅವಳಿಗೂ ಹಾಗೇ ಇರಲಿ ಅನ್ನಿಸಿತ್ತು. ಆದರೆ ಒಂದು ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ನಿಂತು ಹಳಗನ್ನಡ ಪದ್ಯಗಳನ್ನು ತಿರುವುತ್ತಿದ್ದಾಗ ಕಣ್ಣಿಗೆ ಬಿತ್ತು. ಅಲ್ಲಿ 'ನಾನು' ಎನ್ನುವುದಕ್ಕೆ ಮತ್ತೆ ಮತ್ತೆ ಸಿಕ್ಕಿದ್ದು 'ಆನ್'. ಎಲ್ಲಕ್ಕಿಂತ ಹಳೆಯ ರೂಪಕ್ಕೆ ಮೊದಲಲ್ಲಿ ನ ಇರಲೇ ಇಲ್ಲ! ಅದು ಆಮೇಲೆ ಬಂದದ್ದು. ಎಲ್ಲಿಂದ? 'ನಾವು' ಎನ್ನುವುದರಿಂದ ಅಂಟಿಕೊಂಡಿರಬೇಕು ಎನ್ನುತ್ತಾರೆ ಬಲ್ಲವರು. ನಾನು ನಾನಾದದ್ದು ನಾವು ಕೊಟ್ಟ ಸಾಲದಿಂದ. ಕೊರಿಯಾದ ನಾ ಜೊತೆ ಇದ್ದದ್ದು ನಂಟಲ್ಲ, ಬರೀ ಹೋಲಿಕೆ. ಅವಳು ಖುಷಿಗೆ ಜಿಗಿದ ರಭಸಕ್ಕೆ ತಲೆ ಮೇಲಿನ ಶೆಲ್ಫಿಗೆ ಬಡಿದು, ಬೋರೆ ಕಾಯಿಯಷ್ಟು ಊದಿತು. ಎರಡು ದಿನ ಆ ಊತವನ್ನು ಮುಟ್ಟಿ ಮುಟ್ಟಿ ಸಂತೋಷಪಟ್ಟಳು. ಕೋಣೆಯ ಕೊನೆಯ ಗೋಡೆಗೆ ಬರೆದದ್ದು ಅದನ್ನೇ.

ಇನ್ನು ಆ ಮ್ಯೂಸಿಯಂನ ಒಂದು ಕಟ್ಟಳೆ ಹೇಳಬೇಕು. ಅಲ್ಲಿ ಗೋಡೆ ಬರೆಯುವ ಪೇಂಟರಣ್ಣ ಕಾಗದ ನೋಡಿ ಬರೆಯುವವನಲ್ಲ, ಕೇಳಿ ಬರೆಯುವವನು. ಒಂದೊಂದು ಗೋಡೆಗೂ ಅದರ ಮಾತು ಬರೆದವರು ಕೋಣೆಯ ನಡುವೆ ನಿಂತು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಆಮೇಲೆ ಏಣಿಯ ಬುಡದಲ್ಲಿ ನಿಂತು ಒಂದೊಂದೇ ವಾಕ್ಯ ಹೇಳಬೇಕು. ಅವನು ಕುಂಚ ಅದ್ದುವುದು ಆಗಲೇ. ಬಾಯಲ್ಲಿ ಹಾಯದ ಮಾತು ಗೋಡೆ ಹತ್ತಬಾರದು ಎನ್ನುವುದು ಮ್ಯೂಸಿಯಂ ಶುರುವಾದಾಗಿನ ಮಾತು. ಕಾಗದ ತಿರುತಿರುಗಿ ನೋಡಿದರೆ ಅಕ್ಷರಕ್ಕೆ ಕುತ್ತಿಗೆ ನೋವು ಬರುತ್ತದೆ ಎನ್ನುವುದು ಪೇಂಟರಣ್ಣನ ಮಾತು.

ಹಿಂದೆ ಸಣ್ಣಪುಟ್ಟ ಬರಹಗಳಿಗೆ ಅವಳ ಸರದಿ ಬಂದಾಗ ಮಾತ್ರ ಈ ಕಟ್ಟಳೆ ಸ್ವಲ್ಪ ಬಾಗುತ್ತಿತ್ತು. ಎಲ್ಲರ ಮುಂದೆ ನಿಂತರೆ ಅವಳ ಮಾತು ಬಾವಿಯ ಕೊಡದಂತೆ ಎಷ್ಟು ಎಳೆದರೂ ಮೇಲೆ ಬರುತ್ತಿರಲಿಲ್ಲ. ಮ್ಯೂಸಿಯಂನ ಮುಖ್ಯಸ್ಥೆ ಮೇಡಂ ಪಾಪ ಒಳ್ಳೆಯವರು. "ಕೊಡಮ್ಮ ಇಲ್ಲಿ, ಒದ್ದಾಡ್ಬೇಡ" ಎಂದು ಕಾಗದ ತೆಗೆದುಕೊಂಡು ತಮ್ಮ ಗಂಟೆಯಂಥ ಧ್ವನಿಯಲ್ಲಿ ಓದಿಬಿಡುತ್ತಿದ್ದರು.

ಆ ದಿನವೂ ಹಾಗೇ ಆಯಿತು. ಸುಣ್ಣದ ವಾಸನೆ ಇನ್ನೂ ಆರದ ಕೋಣೆ. ಗೋಡೆಯ ತುಂಬ ಪೇಂಟರಣ್ಣ ಮೊದಲೇ ಬರೆದಿಟ್ಟ ಕೈಗಳು: ಬಿಸ್ಕತ್ತು ಚಾಚಿದ್ದು, ಕೊಂಡಿ ಹಾಕಿದ್ದು, ಎದೆ ಮುಟ್ಟಿದ್ದು. ಮೇಡಂ ಓದುತ್ತಾ ಹೋದಂತೆ ಅವಳಿಗೆ ತನ್ನ ವಾಕ್ಯಗಳೇ ಹೊಸಬಟ್ಟೆ ತೊಟ್ಟು ಎದುರು ಬಂದಂತಾಯಿತು. 'ತಗೋ' ಗೋಡೆ ಹತ್ತಿತು. 'ಜೊತೆಗೆ' ಹತ್ತಿತು. ಜರ್ಮನರ ಕುಶಲ ಸಮಾಚಾರಕ್ಕೆ ಟಿಕೆಟ್ ಕೊಡುವವನು ಬಿದ್ದು ಬಿದ್ದು ನಕ್ಕ.

ಕೊನೆಯ ಗೋಡೆಯ ಹೊತ್ತಿಗೆ ಪಿಯಾನೋ ಟೀಚರ್ ಬಾಗಿಲಲ್ಲಿ ಬಂದು ನಿಂತಳು. ಅವಳನ್ನು ಕಂಡ ಮೇಡಂಗೆ ಉಕ್ಕಿಬಂತು. ಕಾಗದವನ್ನು ಮಡಿಸಿ ಬೀಸಣಿಗೆ ಮಾಡಿಕೊಂಡು, ಅಂದು ಎಲ್ಲರೂ ಕಟ್ಟಿದ್ದ ಊಹೆಯ ನೆನಪಿನಿಂದಲೇ, ಆ ಗಳಿಗೆಯ ಸಂತೋಷದಿಂದಲೇ ಹೇಳಿದರು:

"ಕೊರಿಯಾದ ನಾ, ನಮ್ಮ ನಾ. ಇಬ್ಬರೂ ಒಂದೇ ತಾಯಿಯ ಮಕ್ಕಳು, ಅಕ್ಕತಂಗಿಯರು."

ಎಲ್ಲರೂ ಚಪ್ಪಾಳೆ ತಟ್ಟಿದರು. ಪಿಯಾನೋ ಟೀಚರ್ ಕೂಡ ಅರ್ಥವಾಗದೆಯೇ ತಟ್ಟಿದಳು.

ಪದ ಹುಡುಕಿ ತಂದವಳ ಕೈ ಮಾತ್ರ ಮೇಲೇಳಲಿಲ್ಲ. ಕಾಗದದಲ್ಲಿ ಇದ್ದದ್ದು ಇದಕ್ಕೆ ತೀರ ಉಲ್ಟಾ. ಸುಣ್ಣ ಒಮ್ಮೆ ಬಣ್ಣ ಕುಡಿದರೆ ಆ ಗೋಡೆಯನ್ನು ಕೆರೆದು ಮತ್ತೆ ಬಳಿಯಬೇಕು, ಬೆಳಗಾದರೆ ಕೋಣೆ ತೆರೆಯುತ್ತದೆ. ಯಾರೂ ಕೆರೆಯುವುದಿಲ್ಲ. ಒಂದು ವರ್ಷ ಪೂರ್ತಿ ಶಾಲೆಯ ಮಕ್ಕಳು ಸಾಲುಗಟ್ಟಿ ಬಂದು ಇದನ್ನೇ ಬಾಯಿಪಾಠ ಮಾಡಿಕೊಂಡು ಹೋಗುತ್ತವೆ. 'ಆನ್' ಹೋಯಿತು. 'ನಾವು' ಕೊಟ್ಟ ನ ಹೋಯಿತು. ತಲೆಯ ಊತ ಕೂಡ ದಂಡವಾಯಿತು.

"ಮೇಡಂ" ಅಂದಳು. ಅದು ಅವಳ ಹಲ್ಲು ದಾಟಿತೋ ಇಲ್ಲವೋ. ಮೇಡಂ ಹೇಗೋ ತಿರುಗಿದರು, ಮುಖದ ತುಂಬ ಬೆಳಕು.

"ಚೆನ್ನಾಗ್ ಬಂತಲ್ವೇನಮ್ಮ?"

ಅವಳ ತಲೆ, ಹಾಳು ರೂಢಿ, ಹೂಂ ಎಂದು ಆಡಿಬಿಟ್ಟಿತು. ಹಿಂದೆ ನಿಂತ್ಕೊಂಡು ತಲೆ ಆಡ್ಸು ಎಂದು ತಂಗಿ ಕಿವಿಯಲ್ಲಿ ಕೂತು ನಕ್ಕಳು.

ಪೇಂಟರಣ್ಣ ಏಣಿ ಹತ್ತಿ ಕುಂಚ ಅದ್ದಿದ. 'ಕೊರಿಯಾದ' ಬಂತು, ದುಂಡಗೆ, ಮುದ್ದಾಗಿ. 'ನಾ' ಬಂತು. 'ನಮ್ಮ ನಾ' ಬಂತು. ಇಲ್ಲಿಯವರೆಗೆ ಸುಳ್ಳೇನಿಲ್ಲ. ಅವನು ಕುಂಚದ ತುದಿಯನ್ನು ಡಬ್ಬಿಯ ಅಂಚಿಗೆ ಒರೆಸಿ, ತಿರುಗದೆಯೇ ಕೇಳಿದ:

"ಮುಂದಿನ ಮಾತು ಇನ್ನೊಂದ್ಸಲ ಬರ್ಲಿ. ಕಿವಿ ಕೊಟ್ಟಿದೀನಿ."

ಮೇಡಂ ಉಸಿರು ಎಳೆದುಕೊಂಡರು. ಅವಳು ಗೋಡೆ ನೋಡಿದಳು. ಎದೆ ಮುಟ್ಟಿದ ಆ ಬಣ್ಣದ ಕೈಯ ಪಕ್ಕದಲ್ಲಿ ಒಂದು ಮೊಳದಷ್ಟು ಬಿಳಿ ಜಾಗ ಉಳಿದಿತ್ತು. ತನ್ನ ವಾಕ್ಯಕ್ಕೆಂದೇ ಅಳೆದು ಬಿಟ್ಟಿದ್ದ ಜಾಗ. ನೋಡುನೋಡುತ್ತ ಅವಳಿಗೆ ಭಯಕ್ಕಿಂತ ಆಸೆ ಹೆಚ್ಚಾಯಿತು. ಶೆಲ್ಫಿಗೆ ತಲೆ ಬಡಿದ ಆ ಮಧ್ಯಾಹ್ನದ ಖುಷಿಯೇ ಕಾಲಿಗೆ ಬಂದು, ಏಣಿಯ ಬುಡಕ್ಕೆ ನಡೆಸಿತು. ಎಲ್ಲರೂ ದಾರಿ ಬಿಟ್ಟರು, ಬಣ್ಣದ ಡಬ್ಬಿ ಎತ್ತಿಕೊಡಲು ಬಂದಳೇನೋ ಎಂದುಕೊಂಡು.

"ನಿಲ್ಸಿ ಅಣ್ಣ" ಅಂದಳು.

ಕುಂಚ ನಿಂತಿತು. ಇಷ್ಟು ದಿನದಲ್ಲಿ ಆ ಧ್ವನಿ ಕೇಳದಿದ್ದ ಪೇಂಟರಣ್ಣ ಮೊದಲ ಸಲ ಏಣಿಯ ಮೇಲಿಂದ ತಿರುಗಿ ನೋಡಿದ. ಮೇಡಂ ಕೈಯ ಬೀಸಣಿಗೆಯೂ ನಿಂತಿತು. ಬಾವಿಯ ಕೊಡ ಕೊನೆಗೂ ಮೇಲೆ ಬಂದಿತ್ತು, ತುಳುಕುತ್ತಾ.

"ಅವೆರಡೂ ಅಕ್ಕತಂಗಿ ಅಲ್ಲ ಮೇಡಂ. ಬೇರೆ ಬೇರೆ ಮನೆಯವ್ರು, ದಾರೀಲಿ ಸಿಕ್ಕಿ ಒಂದೇ ಥರ ಕಂಡವ್ರು, ಅಷ್ಟೇ. ಇದನ್ನ ಓದ್ಬೇಕಾಗಿದ್ದು ನಾನು."